ಶಾಲೆಯ ರ‍್ಯಾಂಪಿಗೊಂದು ಬಹಿರಂಗ ಪತ್ರ

ಸರ್ಕಾರಿ ಶಾಲೆಯ ಮೆಟ್ಟಿಲ ಪಕ್ಕದಲ್ಲಿ ಸದಾ ಬಿಸಿಲು ಕಾಯಿಸುತ್ತ ಮಲಗಿರುವ ಶ್ರೀಮಾನ್ ರ‍್ಯಾಂಪ್ ಅವರಿಗೆ,

ಚಿತ್ರದುರ್ಗ ಜಿಲ್ಲೆಯ ಪೋಷಕನೊಬ್ಬನ ಸಾಷ್ಟಾಂಗ ನಮಸ್ಕಾರ. ಸಾಷ್ಟಾಂಗ ಯಾಕೆಂದರೆ, ತಮ್ಮನ್ನು ಹತ್ತಲು ಹೋದವರು ಆ ಭಂಗಿಯಲ್ಲೇ ಇಳಿದು ಬರುವುದು ರೂಢಿ.

ತಾವು ಯಾವ ಊರಿನವರೆಂದು ಬರೆಯುವುದಿಲ್ಲ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಓದಿದರೂ 'ಇದು ನಮ್ಮ ಶಾಲೇದೇ' ಅಂದಾರು. ಸುಮ್ಮನೆ ಜಗಳ ಯಾಕೆ?

ತಮ್ಮ ಮೈಕಟ್ಟಿನ ಲೆಕ್ಕ ಹಾಕಿದೆ. ಮೂರು ಮೆಟ್ಟಿಲು, ಒಂದೊಂದು ಅರ್ಧ ಅಡಿ, ಒಟ್ಟು ಒಂದೂವರೆ ಅಡಿ ಎತ್ತರ. ಒಂದು ಅಡಿ ಏರಬೇಕಾದರೆ 12 ಅಡಿ ಉದ್ದ ಬೇಕು ಅನ್ನುವುದು ಸರ್ಕಾರದ್ದೇ ಮಾನದಂಡ. ಅಂದರೆ ತಾವು 18 ಅಡಿ ಇರಬೇಕಿತ್ತು. ಇರುವುದು ಆರು. ಮಿಕ್ಕ 12 ಅಡಿ ಎಲ್ಲಿ ಹೋಯಿತು ಎಂದು ಕೇಳುವಷ್ಟು ಒರಟ ನಾನಲ್ಲ. ಗುತ್ತಿಗೆದಾರರಿಗೂ ಹೆಂಡತಿ ಮಕ್ಕಳಿರುತ್ತಾರೆ. ನಮ್ಮ ಪಾಳೆಯಗಾರರು ಏಳು ಸುತ್ತಿನ ಕೋಟೆ ಕಟ್ಟಿದ್ದು ಶತ್ರು ಒಳಗೆ ಬರಬಾರದೆಂದು. ಆ ವಿದ್ಯೆ ಜಿಲ್ಲೆಯಲ್ಲಿ ಇನ್ನೂ ಜೀವಂತ ಇದೆಯೆನ್ನಲು ತಾವೇ ಸಾಕ್ಷಿ. ಕೋಟೆಯಲ್ಲಾದರೂ ಒಂದು ಕಿಂಡಿ ಇತ್ತು.

ಹಾಗಂತ ತಾವು ಕೆಲಸವಿಲ್ಲದೆ ಕೂತವರಲ್ಲ. ಬೆಳಿಗ್ಗೆ ಬಿಸಿಯೂಟದ ಅಕ್ಕಿ ಮೂಟೆ, ಆಮೇಲೆ ಮೇಷ್ಟ್ರ ಬೈಕು, ಡಿಸೆಂಬರ್ 3ರ ಅಂಗವಿಕಲರ ದಿನಕ್ಕೆ ಮೈತುಂಬ ರಂಗೋಲಿ. ರಂಗೋಲಿ ಅಳಿಸೀತೆಂದು ಆವತ್ತು ನನ್ನ ಮಗಳನ್ನು ಏಳನೇ ಕ್ಲಾಸಿನ ನಾಲ್ವರು ಹುಡುಗರು ಗಾಲಿಕುರ್ಚಿ ಸಮೇತ ಮೆಟ್ಟಿಲ ಮೇಲೇ ಎತ್ತಿಕೊಂಡು ಹೋದರು. ಮಿಕ್ಕ ದಿನವೂ ಅವರೇ ಅನ್ನಿ. 'ಎಷ್ಟು ಒಳ್ಳೇ ಮಕ್ಕಳು ನೋಡಿ' ಅಂದರು ಮೇಡಂ. ಒಳ್ಳೆಯವರೇ. ಆದರೆ ಶೌಚಾಲಯ ಹಿತ್ತಲಲ್ಲಿದೆ, ಅಲ್ಲಿ ತಮ್ಮ ಬಳಗದವರು ಯಾರೂ ಇಲ್ಲ. ಅದಕ್ಕೂ ಹುಡುಗರನ್ನು ಕರೆಯಲಾದೀತೆ? ಅವಳು ಶಾಲೆಗೆ ಹೊರಟ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾಳೆ. ಬಾಟಲಿ ಹೇಗೆ ಹೋಯಿತೋ ಹಾಗೇ ತುಂಬಿ ವಾಪಸ್ ಬರುತ್ತದೆ.

ತಮ್ಮ ಜನ್ಮರಹಸ್ಯ ನನಗೆ ಗೊತ್ತು. ಶಾಲೆಗಳ ಮಾಹಿತಿ ತುಂಬುವ ಸರ್ಕಾರಿ ಯುಡೈಸ್ ನಮೂನೆಯಲ್ಲಿ 'ರ‍್ಯಾಂಪ್ ಇದೆಯೇ' ಎಂದೊಂದು ಕಲಂ ಇದೆ. ಇದೆ! 'ಹಿಡಿಕಂಬಿ ಇದೆಯೇ' ಎಂದು ಇನ್ನೊಂದು. ಇತ್ತು, ಗುಜರಿಗೆ ಹೋಯಿತು.

ಈಗ ಸ್ವಲ್ಪ ಕಾನೂನು. ಬೇಜಾರಾಗಬೇಡಿ, ಬೇರೆಯವರೂ ಇದನ್ನು ಕೇಳಿಸಿಕೊಂಡಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್, ಶಾಲೆ ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡವನ್ನು ಮಗುವಿಗೆ ಎಟುಕುವಂತೆ ಮಾಡಬೇಕು ಅನ್ನುತ್ತದೆ. ಹಳೇ ಸಾರ್ವಜನಿಕ ಕಟ್ಟಡಗಳಿಗೆ ನಿಯಮ ಬಂದ 2017ರಿಂದ ಐದು ವರ್ಷ ಗಡುವು. 2022 ಬಂತು, ಹೋಯಿತು. 2024ರ ನವೆಂಬರ್‌ನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇಂಥ ಮಾನದಂಡಗಳು ಬರೀ ಸಲಹೆಯಾಗಿ ಉಳಿದರೆ ಆಗದು, ಕಡ್ಡಾಯ ನಿಯಮ ಮಾಡಿ ಎಂದಿತು. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ. ನಮ್ಮ ಕಡೆ ಯಾರಾದರೂ ಕಟ್ಟಿದ್ದರೆ ರಸೀದಿ ತೋರಿಸಲಿ, ಫ್ರೇಮ್ ಹಾಕಿಸಿಕೊಡುತ್ತೇನೆ.

ತಮ್ಮನ್ನು ಉದ್ದ ಮಾಡಿಸಿ ಎಂದು ಕೇಳಲು ಹೋದಾಗ ಸಿಕ್ಕ ಉತ್ತರ ಬಹಳ ಮಮತೆಯದು: 'ಪಾಪ, ಯಾಕೆ ಓಡಾಡಿಸ್ತೀರಿ? ಮನೇಲೇ ಇಟ್ಕೊಳ್ಳಿ, ವಾರಕ್ಕೊಂದ್ಸಲ ಟೀಚರ್ ಅಲ್ಲಿಗೇ ಬರ್ತಾರೆ.' ಗೃಹಾಧಾರಿತ ಶಿಕ್ಷಣ ಇರುವುದು ನಿಜ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ಬಂದ ತಿದ್ದುಪಡಿ ತೀವ್ರ ವೈಕಲ್ಯದ ಮಕ್ಕಳಿಗೆ ಅದನ್ನು ಆಯ್ದುಕೊಳ್ಳುವ ಹಕ್ಕು ಕೊಟ್ಟಿದೆ. ಆಯ್ಕೆ ಮಗುವಿನದು, ಮೆಟ್ಟಿಲಿನದಲ್ಲ. ಸೊಂಟದ ಮೇಲೆ ನನ್ನ ಮಗಳಿಗೆ ಯಾವ ತೊಂದರೆಯೂ ಇಲ್ಲ. ಗಣಿತದಲ್ಲಿ ತಮಗಿಂತ ಚುರುಕು. 18ರಲ್ಲಿ ಆರು ಕಳೆದದ್ದು ಅವಳೇ.

ಕೊನೆಗೊಂದು ಸಣ್ಣ ಬಿನ್ನಹ. ಮುಂದಿನ ತಪಾಸಣೆಗೆ ಸಾಹೇಬರು ಬಂದಾಗ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಮ್ಮ ಮೇಲೆ ಒಮ್ಮೆ ಹತ್ತಿಸಿಕೊಳ್ಳಿ. ಕುರ್ಚಿ ನಾವು ಕೊಡುತ್ತೇವೆ. ತಳ್ಳಲಾಗದಿದ್ದರೆ ಎತ್ತುವುದಕ್ಕೆ ಆ ಏಳನೇ ಕ್ಲಾಸಿನ ಹುಡುಗರಿದ್ದಾರೆ. ಆದರೆ ಸಾಹೇಬರ ತೂಕ ಮೊದಲೇ ತಿಳಿಸಿ. ಹುಡುಗರಿಗೂ ಪರೀಕ್ಷೆ ಹತ್ತಿರ ಬಂತು.

ಇಂತಿ,
ಕುರ್ಚಿಯ ಹಿಂದೆ ನಿಂತಿರುವ ಅಪ್ಪ