ಪರದೇಶಿ ಮರಿಯ ಹಾಲಿನ ಲೆಕ್ಕ

ಮಹಾರಾಷ್ಟ್ರದ ಜತ್ತ ತಾಲೂಕಿನ ಕುಣಿಕೋಣೂರ ಸುತ್ತಿನ ಕುರಿಗಾರರ ಮನೆಗಳಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಅಡುಗೆಮನೆಗೆ ನುಗ್ಗುವ ಅಧಿಕಾರ ಇರುವುದು ಪರದೇಶಿ ಮರಿಗೆ ಮಾತ್ರ. ತಾಯಿ ಈದು ಸತ್ತಿರುತ್ತದೆ. ಇಲ್ಲವೆ ಅವಳಿ ಈದು, ಒಂದನ್ನು ನೆಕ್ಕಿ ಇನ್ನೊಂದನ್ನು ಒದ್ದಿರುತ್ತದೆ. ಮೂರು ಕಿಲೋ ತೂಗದ ಆ ಜೀವವನ್ನು ಯಜಮಾನ ಕಂಬಳಿಯಲ್ಲಿ ಸುತ್ತಿ ತಂದು ಹೆಂಡತಿಯ ಮುಂದಿಟ್ಟು, ‘ಎರಡ ದಿನ ನೋಡೂಣು’ ಅನ್ನುತ್ತಾನೆ. ಎರಡು ದಿನ ಅಂದರೆ ಎರಡು ತಿಂಗಳು ಎಂಬುದು ಇಬ್ಬರಿಗೂ ಗೊತ್ತು. ರಾತ್ರಿ ಏಳುವವರು ಯಾರೆಂಬುದೂ ಗೊತ್ತು.

ಮೊದಲ ಪೇಚಾಟ ಗಿಣ್ಣದ ಹಾಲಿನದು. ರೋಗ ತಡೆಯುವ ಶಕ್ತಿ ಕುರಿಮರಿಗೆ ಹೊಟ್ಟೆಯಲ್ಲಿದ್ದಾಗ ಸಿಗುವುದಿಲ್ಲ; ಹುಟ್ಟಿದ ಮೇಲೆ ಗಿಣ್ಣದ ಹಾಲಿನಿಂದಲೇ ಬರಬೇಕು. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದೇ ದಿನದಲ್ಲಿ ಮುಚ್ಚಿಬಿಡುತ್ತದೆ. ಕಿಲೋ ತೂಕಕ್ಕೆ 50 ಮಿ.ಲೀ.ನಂತೆ ಮೊದಲ ಗುಟುಕುಗಳು ಆರು ತಾಸಿನೊಳಗೆ ಹೊಟ್ಟೆಗೆ ಇಳಿದಿರಬೇಕು. ಅದೇ ತಾನೇ ಈದ ಇನ್ನೊಂದು ಕುರಿಯೋ ಆಡೋ ಊರಲ್ಲಿ ಎಲ್ಲಿದೆ ಎಂದು ಹುಡುಕಾಟ ಶುರು. ಪಕ್ಕದ ಮನೆಯ ಆಕಳು ಈದಿದ್ದರೆ ಅಲ್ಲಿ ಬೇರೆ ಪಂಚಾಯಿತಿ: ಬೆಲ್ಲ, ಏಲಕ್ಕಿ ಹಿಡಿದು ಗಿಣ್ಣಕ್ಕೆ ಕಾದಿರುವ ಮಕ್ಕಳು ಒಂದು ಕಡೆ, ಬಾಯಿ ತೆರೆದ ಮರಿ ಇನ್ನೊಂದು ಕಡೆ. ಕುದಿಸಿದ ಮೇಲೆ ಆ ಹಾಲು ಮಕ್ಕಳಿಗೆ ಬಂತು, ಮರಿಗೆ ಆ ಶಕ್ತಿ ಹೋಯಿತು.

ಆಮೇಲೆ ಮೆಡಿಕಲ್ ಅಂಗಡಿ. ನಿಪ್ಪಲ್ ಕೇಳಿದರೆ ಅಂಗಡಿಯವ ಅಕ್ಕರೆಯಿಂದ ‘ಕೂಸು ಎಷ್ಟ ತಿಂಗಳದ್ರೀ?’ ಅನ್ನುತ್ತಾನೆ. ‘ನಿನ್ನೆ ಹುಟ್ಟೇತ್ರಿ, ಆಗಲೇ ಓಡ್ಯಾಡತೈತಿ’ ಎಂಬ ಉತ್ತರಕ್ಕೆ ಅವನು ಕನ್ನಡಕ ತೆಗೆದು ನೋಡುತ್ತಾನೆ. ಮನೆಗೆ ಬಂದರೆ ಅಜ್ಜಿಯರಿಗೆ ಮರಿಯನ್ನು ಕೂಸಿನಂತೆ ತೊಡೆಯ ಮೇಲೆ ಅಂಗಾತ ಮಲಗಿಸಿ ಕುಡಿಸುವ ಆಸೆ. ಅದು ಕೂಡದು, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಮರಿ ನಿಂತೇ ಕುಡಿಯಬೇಕು, ಕುತ್ತಿಗೆ ತುಸು ಮೇಲಿರಬೇಕು. ಮರಿಯ ಮೈಬಿಸಿಯೇ 39 ಡಿಗ್ರಿ, ಹಾಲೂ ಅಷ್ಟೇ ಬೆಚ್ಚಗಿರಬೇಕು. ಮೊದಲ ದಿನಗಳಲ್ಲಿ ನಾಲ್ಕು ತಾಸಿಗೊಮ್ಮೆ, ನಡುರಾತ್ರಿಯೂ ಸೇರಿ.

ಯಾವ ಹಾಲು? ಕುರಿಯ ಹಾಲಿನಲ್ಲಿ ಕೊಬ್ಬು ಶೇ. 7ರ ಆಸುಪಾಸು, ಆಕಳ ಹಾಲಿನಲ್ಲಿ ಶೇ. 4ರಷ್ಟು, ಎಮ್ಮೆಯದು ಹೆಚ್ಚುಕಡಿಮೆ ಕುರಿಯಷ್ಟೇ. ‘ಎಮ್ಮಿ ಹಾಲ ಕುಡಸ್ರಿ, ಮೈ ಹಿಡಿತೈತಿ’ ಎಂಬ ಅಜ್ಜಿಯ ಮಾತು ಲ್ಯಾಬಿನಲ್ಲೂ ಪಾಸಾಗುತ್ತದೆ. ತೊಂದರೆ ಎಂದರೆ ಡೇರಿಯವರೂ ಕೊಬ್ಬು ನೋಡಿಯೇ ದುಡ್ಡು ಕೊಡುವುದು. 2024ರಲ್ಲಿ ಮಹಾರಾಷ್ಟ್ರ ಸರ್ಕಾರ ಆಕಳ ಹಾಲಿಗೆ ಲೀಟರಿಗೆ 30 ರೂಪಾಯಿ ದರ, ಮೇಲೆ 5 ರೂಪಾಯಿ ಅನುದಾನ ಎಂದು ಹೇಳಿತ್ತು. ಮರಿ ದಿನಕ್ಕೆ ಸರಾಸರಿ ಒಂದು ಲೀಟರ್ ಕುಡಿದರೆ ಅರವತ್ತು ದಿನಕ್ಕೆ 2,100 ರೂಪಾಯಿ. ಎಮ್ಮೆಯ ಹಾಲಾದರೆ ಇನ್ನೂ ಮೇಲೆ. ಹಿಂಡಿ, ಜಂತಿನ ಔಷಧ, ಮಧ್ಯರಾತ್ರಿಯ ಗ್ಯಾಸ್, ಕೆಟ್ಟ ನಿದ್ದೆ ಇವುಗಳ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ಬರೆದರೆ ಮರುದಿನ ಬಾಟಲಿ ಹಿಡಿಯಲು ಕೈ ಬರುವುದಿಲ್ಲ.

ಹಳೆಯ ಕುರಿಗಾರರು ಇದಕ್ಕೆಲ್ಲ ಅಗ್ಗದ ದಾರಿ ಕಂಡುಕೊಂಡಿದ್ದಾರೆ. ಹಿಂಡಿನಲ್ಲಿ ನಾಲ್ಕಾರು ಆಡು ಇಟ್ಟುಕೊಂಡರೆ ಚಹಾಕ್ಕೂ ಹಾಲಾಯಿತು, ಪರದೇಶಿ ಮರಿಗೂ ಆಯಿತು. ಮರಿ ಸತ್ತ ಕುರಿಯಿದ್ದರೆ ಇನ್ನೊಂದು ಉಪಾಯ: ಸತ್ತ ಮರಿಯ ಚರ್ಮವನ್ನು ಪರದೇಶಿ ಮರಿಗೆ ಅಂಗಿಯಂತೆ ತೊಡಿಸುವುದು. ಕುರಿ ಎಳೆಯ ಮರಿಯನ್ನು ಗುರುತು ಹಿಡಿಯುವುದು ವಾಸನೆಯಿಂದ. ಎರಡು ಮೂರು ದಿನದಲ್ಲಿ ಅದು ಮೂಸಿ ಮೂಸಿ ಒಪ್ಪಿಕೊಳ್ಳುತ್ತದೆ. ಒಪ್ಪದಿದ್ದರೆ ಮತ್ತೆ ಬಾಟಲಿಯೇ ಗತಿ.

ಇಷ್ಟಾದರೂ ಈ ತಾಲೂಕಿನವರು ಗಂಡು ಮರಿಯ ಮೇಲಿನ ಆಸೆ ಬಿಡದಿರಲು ಕಾರಣ ಇದೆ. ಗಿಣಿಮೂಗಿನ, ಎತ್ತರದ ಮಾಡಗ್ಯಾಳ ಕುರಿಗೆ ಹೆಸರು ಬಂದದ್ದು ಇದೇ ತಾಲೂಕಿನ ಮಾಡಗ್ಯಾಳದಿಂದ. 2020ರಲ್ಲಿ ಆಟಪಾಡಿಯ ಜಾತ್ರೆಯಲ್ಲಿ ಸರ್ಜಾ ಎಂಬ ಮಾಡಗ್ಯಾಳ ಟಗರಿಗೆ 70 ಲಕ್ಷ ರೂಪಾಯಿಗೆ ಕೇಳಿಕೆ ಬಂತು. ಮಾಲೀಕರು ಕೊಡಲಿಲ್ಲ, ಒಂದೂವರೆ ಕೋಟಿ ಹೇಳಿದರು. ಆ ಸುದ್ದಿ ಓದಿದವರ ಕಣ್ಣಿಗೆ ಅಡುಗೆಮನೆಯ ಮರಿಯ ಮೂಗು ದಿನೇದಿನೇ ಬಾಗುತ್ತಿರುವಂತೆ ಕಾಣುತ್ತದೆ.

ಆದರೆ ಆಗುವುದು ಬೇರೆ. ಬಾಟಲಿ ಕುಡಿದು ಬೆಳೆದ ಟಗರಿಗೆ ಮನುಷ್ಯರ ಭಯವಿರುವುದಿಲ್ಲ, ತಾನೂ ಮನುಷ್ಯನೇ ಎಂಬ ಭಾವ. ಹಿಂಡಿನ ಜೊತೆ ಮೇಯಲು ಹೋಗದು, ಬಾಗಿಲಲ್ಲಿ ಅಡ್ಡ ನಿಂತು ಬಂದ ನೆಂಟರಿಗೆ ಡಿಕ್ಕಿ ಹೊಡೆಯುತ್ತದೆ. ಬಕ್ರೀದ್ ಹತ್ತಿರ ಬಂದಾಗ ವ್ಯಾಪಾರಿ ಒಳ್ಳೆಯ ರೇಟು ಹೇಳಿದರೂ ಒಳಗಿನಿಂದ ‘ಇದನ್ನೊಂದ ಬಿಟ್ಟ ಬ್ಯಾರೆ ಕೊಡ್ರಿ’ ಎಂಬ ದನಿ ಬರುತ್ತದೆ. 2,100 ರೂಪಾಯಿ ಮುಳುಗುವುದು ಇಲ್ಲಿ.

ಆದರೂ ಸಾಕುತ್ತೇನೆ ಅನ್ನುವವರು ಎರಡು ಮೂರು ವಾರಕ್ಕೇ ಎಳೆ ಸೊಪ್ಪು, ಹಿಂಡಿ ತೋರಿಸಿ. ಮೇವು ಹಿಡಿದಂತೆ ಹಾಲು ಇಳಿಸಿ. ಆಕಳಿಗೆ ತಂದ ಖನಿಜ ಪುಡಿಯನ್ನು ಹಾಕಬೇಡಿ, ಅದರಲ್ಲಿನ ತಾಮ್ರ ಕುರಿಗೆ ವಿಷ. ಮತ್ತೆ ನಿಪ್ಪಲ್ ಎರಡು ತನ್ನಿ. ಮೊದಲನೆಯದನ್ನು ಮರಿ ಕಚ್ಚಿ ಹರಿಯುತ್ತದೆ.