ನಲವತ್ತೆರಡನೇ ನಂಬರಿನ ಬಾಗಿಲು ಬಾಯಿಬಿಟ್ಟಾಗ

ಲಂಡನ್ನಿನ ವೆಂಬ್ಲಿಯಲ್ಲಿ ಕುಮಾರ್ ಎಂಬ ಭಾರತೀಯ ಮೂಲದ ಸಂಸಾರ. ಮಗ ಸಂಜೀವನಿಗೆ ಟೀವಿಯಲ್ಲಿ ಮಿಂಚುವ ಹುಚ್ಚು. ಹೆತ್ತವರು ಹಿತ್ತಲಿನ ತೋಟಕ್ಕೆ ಬುಲ್ಡೋಜರ್ ಹೊಡೆಸಿ, ಅಲ್ಲೇ ಒಂದು ಸ್ಟುಡಿಯೋ ಕಟ್ಟಿಸಿಕೊಟ್ಟರು. ಕಟ್ಟುಕತೆಯ ಮನೆ, ನಿಜವಾದ ಸೆಲೆಬ್ರಿಟಿಗಳು. ಬಿಬಿಸಿಯಲ್ಲಿ 2001ರಿಂದ 2006ರವರೆಗೆ ನಡೆದ ‘ದಿ ಕುಮಾರ್ಸ್ ಅಟ್ ನಂ. 42’ ಪ್ರತಿ ಕಂತಿನಲ್ಲೂ ಸಿಟ್‌ಕಾಮ್ ಆಗಿ ಶುರುವಾಗಿ, ಅತಿಥಿ ಬೆಲ್ ಒತ್ತಿದ ಮೇಲೆ ಚಾಟ್ ಶೋ ಆಗುತ್ತಿತ್ತು. ಎರಡಕ್ಕೂ ಸಾಕ್ಷಿಯಾಗಿ ನಿಂತ ಮುಂಬಾಗಿಲನ್ನು ಮಾತಿಗೆಳೆದೆವು.

ಪ್ರಶ್ನೆ: ನಮಸ್ಕಾರ. ಒಂದೆರಡು ಮಾತು ಆಡಬಹುದೇ?

ಬಾಗಿಲು: ಯಾವ ಸಿನಿಮಾ? ರಿಲೀಸ್ ಯಾವಾಗ?

ಪ್ರಶ್ನೆ: ಸಿನಿಮಾ ಯಾವುದೂ ಇಲ್ಲ.

ಬಾಗಿಲು: ವೆಬ್ ಸೀರೀಸ್? ಅದೂ ಇಲ್ಲವೇ? ಏನನ್ನೂ ಮಾರದೆ ಈ ಕಡೆ ಬಂದವರನ್ನು ನೋಡಿ ಬಹಳ ಕಾಲವಾಯಿತು ಸ್ವಾಮಿ. ಒಳಗೆ ಬನ್ನಿ ಅನ್ನೋಣವೆಂದರೆ ನನ್ನ ಹಿಂದೆ ಮನೆಯಿಲ್ಲ. ನಾಲ್ಕು ಪ್ಲೈವುಡ್ ಹಲಗೆ, ಅದರಾಚೆ ಬರೀ ಕೇಬಲ್ಲು. ಇಲ್ಲೇ ನಿಂತು ಮಾತಾಡಿ.

ಪ್ರಶ್ನೆ: ಮನೆಯೇ ಇಲ್ಲದ ಮೇಲೆ ಮನೆಯವರ ಬಗ್ಗೆ ಏನು ಹೇಳುತ್ತೀರಿ?

ಬಾಗಿಲು: ಮನೆಯವರು ಬರವಣಿಗೆಯಲ್ಲಿದ್ದರು. ಅವರ ಮಾತು ಬಹುಪಾಲು ಮೊದಲೇ ಬರೆದದ್ದು, ಅತಿಥಿಯ ಉತ್ತರ ಮಾತ್ರ ಬರೆದದ್ದಲ್ಲ. ಮಜಾ ಇದ್ದದ್ದೇ ಅಲ್ಲಿ. ದೊಡ್ಡ ನಟ ತನ್ನ ಕಲಾಸಾಧನೆ ವಿವರಿಸಲು ಗಂಟಲು ಸರಿಮಾಡಿಕೊಳ್ಳುತ್ತಾನೆ, ಅಷ್ಟರಲ್ಲಿ ಅಪ್ಪ ಅಶ್ವಿನ್ ದುಡ್ಡಿನ ಮಾತು ತೆಗೆಯುತ್ತಾನೆ. ಅಮ್ಮ ಮಾಧುರಿ ಮಗನ ಗುಣಗಾನಕ್ಕೆ ತೊಡಗುತ್ತಾಳೆ. ಅಜ್ಜಿ ಸುಶೀಲಾ ಬಂದ ಗಂಡಸನ್ನು ಅಡಿಯಿಂದ ಮುಡಿಯವರೆಗೆ ಅಳೆದು ಸರಸಕ್ಕೇ ಇಳಿಯುತ್ತಾಳೆ. ಕೈಯಲ್ಲಿ ಪ್ರಶ್ನೆಗಳ ಕಾರ್ಡು ಹಿಡಿದ ಸಂಜೀವನನ್ನು ಮಾತ್ರ ಕೇಳುವವರೇ ಇಲ್ಲ.

ಪ್ರಶ್ನೆ: ಅಜ್ಜಿಯ ಪಾತ್ರ ಮೀರಾ ಸಯಾಲ್ ಅವರದಲ್ಲವೇ?

ಬಾಗಿಲು: ಹೌದು, ಶುರುವಾದಾಗ ಅಜ್ಜಿಗೆ ನಲವತ್ತು ವರ್ಷ. ಸುಕ್ಕೆಲ್ಲ ಮೇಕಪ್ಪಿನದು. ಮೊಮ್ಮಗ ಸಂಜೀವ್ ಭಾಸ್ಕರ್. 2005ರಲ್ಲಿ ಇಬ್ಬರೂ ನಿಜವಾಗಿಯೇ ಮದುವೆಯಾದರು. ಅಜ್ಜಿಗೂ ಮೊಮ್ಮಗನಿಗೂ ಲಗ್ನ! ನಿಮ್ಮ ಮೆಗಾ ಧಾರಾವಾಹಿಯವರು ಸಾವಿರ ಕಂತು ಎಳೆದರೂ ಇಂಥದೊಂದು ತಿರುವಿಗೆ ಕೈಹಾಕಿದ್ದುಂಟೇ?

ಪ್ರಶ್ನೆ: ಪ್ರಶಸ್ತಿಗಳೂ ಬಂದವಂತೆ.

ಬಾಗಿಲು: 2002 ಮತ್ತು 2003ರಲ್ಲಿ ಅಂತರರಾಷ್ಟ್ರೀಯ ಎಮ್ಮಿ. 2003ರಲ್ಲೇ ಗಾಯಕ ಗ್ಯಾರೆತ್ ಗೇಟ್ಸ್ ಜೊತೆ ನಮ್ಮವರು ಹಾಡಿದ ‘ಸ್ಪಿರಿಟ್ ಇನ್ ದ ಸ್ಕೈ’ ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೇರಿತು. ಹಿತ್ತಲು ಅಗೆಸಿದ ಖರ್ಚು ವಾಪಸು ಬಂತು ಎಂದು ಅಶ್ವಿನ್‌ಗೆ ಸಮಾಧಾನ. ಆಮೇಲೆ ಊರೂರಲ್ಲಿ ಇದೇ ವ್ಯಾಪಾರ ಶುರು. ಆಸ್ಟ್ರೇಲಿಯಾದವರು ಗ್ರೀಕ್ ಸಂಸಾರವೊಂದನ್ನು ಕೂರಿಸಿ ‘ಗ್ರೀಕ್ಸ್ ಆನ್ ದ ರೂಫ್’ ಮಾಡಿದರು, ಬೇಗನೆ ಬೀಗ ಬಿತ್ತು. ಅಮೆರಿಕದ ಫಾಕ್ಸ್‌ನವರು ‘ದಿ ಒರ್ಟೆಗಾಸ್’ ತಯಾರಿಸಿ, ಪ್ರಸಾರವನ್ನೇ ಮಾಡಲಿಲ್ಲ. ಆ ಮನೆಯ ಬಾಗಿಲು ಇನ್ನೂ ಅತಿಥಿಗಳಿಗೆ ಕಾಯುತ್ತಿದೆ, ಪಾಪ.

ಪ್ರಶ್ನೆ: ಮುಂಬೈಯಲ್ಲೂ ನಿಮಗೆ ನೆಂಟರಿದ್ದಾರೆ ಅನ್ನುತ್ತಾರೆ.

ಬಾಗಿಲು: ‘ಕಾಮಿಡಿ ನೈಟ್ಸ್ ವಿತ್ ಕಪಿಲ್’ ತಾನೆ? 2013ರಲ್ಲಿ ಕಲರ್ಸ್ ವಾಹಿನಿಯಲ್ಲಿ ಬಂತು. ಅಲ್ಲೂ ಮನೆ, ಹೆಂಡತಿ, ಸೋದರತ್ತೆ, ಸೀರೆ ಉಟ್ಟ ಅಲಿ ಅಸ್ಗರ್ ಅಜ್ಜಿ. ನಮ್ಮ ಪೈಕಿಯೇ ಎಂದು ಊರವರು ಹೇಳುತ್ತಾರೆ, ಡಿಎನ್‌ಎ ಪರೀಕ್ಷೆಯನ್ನೇನೂ ನಾನು ಮಾಡಿಸಿಲ್ಲ. ಆದರೆ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ವೆಂಬ್ಲಿಯಲ್ಲಿ ಪೆದ್ದ ಯಾರು? ಸಂದರ್ಶನ ಮಾಡುವವನೇ. ಮುಂಬೈಯಲ್ಲಿ ಸಂದರ್ಶಕ ಮಹಾ ಜಾಣ. ನಗೆಪಾಟಲಾಗುವ ಕೆಲಸ ಹೆಂಡತಿಯ ಮುಖಕ್ಕೂ ಅವಳ ತವರಿಗೂ ವರ್ಗಾವಣೆಯಾಯಿತು. ಅತಿಥಿಗಂತೂ ಗಾಳಿ ಸಹ ಸೋಕುವುದಿಲ್ಲ. ಹಾಡಿಗೆ ಎರಡು ಹೆಜ್ಜೆ ಹಾಕಿ, ಬಿಡುಗಡೆಯ ತಾರೀಕು ಹೇಳಿ, ಕೈಬೀಸಿ ಹೊರಡುತ್ತಾನೆ.

ಪ್ರಶ್ನೆ: ನಿಮ್ಮಲ್ಲಿಗೆ ಬಂದವರೂ ಪ್ರಚಾರಕ್ಕೇ ಬರುತ್ತಿದ್ದರಲ್ಲ?

ಬಾಗಿಲು: ಬರದೇ ಏನು? ಸನ್ಯಾಸಿಗಳು ಯಾರೂ ಬೆಲ್ ಒತ್ತಲಿಲ್ಲ. ಆದರೆ ಅವರು ತಂದ ಸಿನಿಮಾದಲ್ಲಿ ನಮ್ಮ ಮನೆಯವರಿಗೆ ಕವಡೆ ಕಾಸಿನ ಆಸಕ್ತಿ ಇರಲಿಲ್ಲ. ಕಾರ್ಯಕ್ರಮ ನಿಂತದ್ದೇ ಅದರ ಮೇಲೆ. ಜಗತ್ತು ತಲೆಮೇಲೆ ಹೊತ್ತ ಮನುಷ್ಯ ಮೊದಲ ಸಲ ಬರೀ ಮನೆಗೆ ಬಂದ ನೆಂಟನಾಗುತ್ತಿದ್ದ. ಮನೆಯವರೇ ಟ್ರೇಲರ್‌ಗೆ ಸಿಳ್ಳೆ ಹೊಡೆದರೆ ಅದು ಮನೆಯಲ್ಲ, ಅಂಗಡಿ.

ಪ್ರಶ್ನೆ: ನಮ್ಮ ಬೆಂಗಳೂರಿನ ‘ಮಜಾ ಟಾಕೀಸ್’ ನೋಡಿದ್ದೀರಾ?

ಬಾಗಿಲು: 2015ರಲ್ಲಿ ಶುರುವಾದ ಸೃಜನ್ ಲೋಕೇಶರ ಮನೆ. ಅಂಗಡಿಯ ವಾಸನೆ ಅಲ್ಲೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಅಲ್ಲೊಬ್ಬರು ವರಲಕ್ಷ್ಮಿ ಇದ್ದರು, ಆ ಪಾತ್ರ ನಿರೂಪಕಿ ಅಪರ್ಣಾ ಅವರದು. ನಿರೂಪಣೆ ಎಂದರೆ ಅಪರ್ಣಾ, ಅಚ್ಚಗನ್ನಡ ಎಂದರೆ ಅಪರ್ಣಾ ಎಂದು ನೀವೆಲ್ಲ ಗೌರವದಿಂದ ಹೇಳುತ್ತಿದ್ದಿರಿ. ಬೆಂಗಳೂರಿನ ‘ನಮ್ಮ ಮೆಟ್ರೋ’ದಲ್ಲಿ ಮುಂದಿನ ನಿಲ್ದಾಣದ ಹೆಸರು ಹೇಳುತ್ತಿದ್ದ ದನಿಯೂ ಅವರದೇ. ಆ ದನಿ ಕೇಳಿದರೆ ರೈಲಿನ ಬಾಗಿಲುಗಳೇ ವಿಧೇಯವಾಗಿ ಸರಿಯುತ್ತಿದ್ದವು. ಅಂಥವರು ಆ ಮನೆಗೆ ಬಂದು ‘ಒನ್ ಅಂಡ್ ಓನ್ಲಿ ವರಲಕ್ಷ್ಮಿ’ಯಾಗಿ ಬಡಾಯಿ ಕೊಚ್ಚಿದರು, ಬೈಸಿಕೊಂಡರು, ನಗೆಪಾಟಲಾದರು. ಮೇಲಿನವರನ್ನು ಹೊಗಳಿ, ಕೆಳಗಿನವರನ್ನು ಗೇಲಿ ಮಾಡುವ ಕಾಲದಲ್ಲಿ ತನ್ನ ಗಾಂಭೀರ್ಯವನ್ನೇ ಗೇಲಿಗೆ ಒಡ್ಡಿದ ಹೆಣ್ಣುಮಗಳು. 2024ರ ಜುಲೈಯಲ್ಲಿ ಹೋಗಿಬಿಟ್ಟರು. ಆ ಸ್ಥಾನಕ್ಕೆ ಆಡಿಷನ್ ಮಾಡಿದರೆ ಸಿಗುವವರಲ್ಲ.

ಪ್ರಶ್ನೆ: ನಿಮ್ಮ ಮುಂಬೈ ನೆಂಟ ಕಪಿಲ್ 2024ರಲ್ಲಿ ನೆಟ್‌ಫ್ಲಿಕ್ಸಿಗೆ ಹೋದರು. ಅಲ್ಲಿ ಮನೆಯ ಬದಲು ಕೆಫೆ.

ಬಾಗಿಲು: ಒಳ್ಳೆಯದೇ ಆಯಿತು ಬಿಡಿ, ವೇಷ ಕಳಚಿತು. ಬಂದವರಿಗೆ ಮರ್ಯಾದೆ ಮಾಡುವುದು ಕೆಫೆಯ ಕಸುಬು. ಸಂಬಳವೆಷ್ಟು, ಮದುವೆ ಯಾಕಾಗಿಲ್ಲ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಪ್ರಶ್ನೆ: ನಮ್ಮ ವಾಹಿನಿಗಳಿಗೆ ನಿಮ್ಮ ಸಲಹೆ?

ಬಾಗಿಲು: ಸ್ಟಾರ್ ಒಳಗೆ ಬಂದಾಗ ಮನೆಯವರು ಎದ್ದು ನಿಂತು ಚಪ್ಪಾಳೆ ಹೊಡೆಯಬಾರದು. ಅಜ್ಜಿ ಕೂತಲ್ಲಿಂದಲೇ, ‘ಯಾರಪ್ಪಾ ನೀನು?’ ಅನ್ನಬೇಕು. ಅವನು ತಡವರಿಸಿದರೆ ಸಾಕು, ಅರ್ಧ ಗಂಟೆಯ ಕಾರ್ಯಕ್ರಮ ತಾನಾಗಿಯೇ ನಡೆಯುತ್ತದೆ.

ಪ್ರಶ್ನೆ: ತಡವರಿಸದೆ ತನ್ನ ಬಿರುದುಬಾವಲಿಗಳನ್ನೆಲ್ಲ ಹೇಳಿಬಿಟ್ಟರೆ?

ಬಾಗಿಲು: ಅಜ್ಜಿಗೆ ಕಿವಿ ಮಂದ ಸ್ವಾಮಿ. ಇನ್ನೊಮ್ಮೆ ಕೇಳುತ್ತಾಳೆ.