ಕೂತ ಕೊಂಬೆ

ನಮ್ಮ ಭಾವನ ಕಾರಿನ ಸ್ಟೀರಿಯೊ ಬಲು ಮಡಿವಂತ. ಫ್ಯಾಟ್32 ಅಲ್ಲದ ಪೆನ್‌ಡ್ರೈವನ್ನು ಮುಟ್ಟಿಸಿಕೊಳ್ಳುವುದೇ ಇಲ್ಲ. ಯಾರೋ ಎನ್‌ಟಿಎಫ್‌ಎಸ್ ಮಾಡಿಕೊಟ್ಟಿದ್ದ 16 ಜಿಬಿಯದೊಂದನ್ನು ಹಿಡಿದು ಭಾನುವಾರ ಬಂದರು. "ಆ ಕಪ್ಪು ಪರದೆಯಲ್ಲಿ ಏನೇನೋ ಕುಟ್ತಾ ಇರ್ತೀಯಲ್ಲಪ್ಪ, ಇದನ್ನೊಂದು ಸರಿಮಾಡಿಕೊಡು. ರಾಜ್‌ಕುಮಾರ್ ಹಾಡು ತುಂಬಿಸ್ಕೋಬೇಕು."

ಲಿನಕ್ಸಿನಲ್ಲೂ ಇದು ಮೌಸಿನ ನಾಲ್ಕು ಕ್ಲಿಕ್ಕಿನ ಕೆಲಸ. ಆದರೆ ಭಾವ ಕಾಫಿ ಲೋಟ ಹಿಡಿದು ಪಕ್ಕದಲ್ಲೇ ಕೂತಿರುವಾಗ ಕ್ಲಿಕ್ ಮಾಡಿದರೆ ಕಪ್ಪು ಪರದೆಯ ಮರ್ಯಾದೆ ಏನಾಗಬೇಕು? ಬೆಳಿಗ್ಗೆಯಿಂದ ತೆರೆದೇ ಇದ್ದ ಟರ್ಮಿನಲ್ಲಿಗೆ ಬಂದು 'ಎಲ್‌ಎಸ್‌ಬಿಎಲ್‌ಕೆ' ಎಂದು ಕುಟ್ಟಿದೆ. ಎಸ್‌ಡಿಬಿ1, ಎಸ್‌ಡಿಸಿ1 ಎಂದು ಎರಡು ಡ್ರೈವ್ ಕಂಡವು. ಒಂದು ಭಾವನದು. ಇನ್ನೊಂದು ಅಕ್ಕ ಆಲ್ಬಮ್ಮಿಗೆಂದು ಕಳಿಸಿದ್ದು, ಮಗಳ ನಿಶ್ಚಿತಾರ್ಥದ ಫೋಟೊಗಳು. ಎರಡರ ಮುಂದೆಯೂ 14.9 ಜಿ.

"ನಾನು ಕೊಟ್ಟಿದ್ದು ಹದಿನಾರಲ್ವಾ?" ಎಂದರು ಭಾವ, ತೂಕದಲ್ಲಿ ಮೋಸ ಹಿಡಿದವರ ಹಾಗೆ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಇದು 1024ರ ಲೆಕ್ಕದಲ್ಲಿ ಎಣಿಸುತ್ತದೆ, ವಸ್ತು ಅಷ್ಟೇ ಇದೆ ಎಂದು ಹತ್ತು ನಿಮಿಷ ಪಾಠ ಹೇಳಿದೆ. ಪಾಠ ಮುಗಿಯುವಷ್ಟರಲ್ಲಿ ಬಿ ಯಾರದು, ಸಿ ಯಾರದು ಎಂಬುದು ತಲೆಯಿಂದ ಹಾರಿಹೋಗಿತ್ತು. ಆದರೆ ಪಾಠ ಹೇಳಿದವನು ಅನುಮಾನ ಪಡುವುದುಂಟೆ? ಬಿ ಎಂದುಕೊಂಡೆ.

ಫಾರ್ಮ್ಯಾಟಿಗೆ ಮೊದಲು ಡ್ರೈವನ್ನು ಇಳಿಸಬೇಕು. 'ಅನ್‌ಮೌಂಟ್' ಎಂದೆ, ಅಂಥ ಆಜ್ಞೆಯೇ ಇಲ್ಲವೆಂದಿತು. ಯುನಿಕ್ಸಿನವರು ಒಂದು ಎನ್ ಉಳಿತಾಯ ಮಾಡಿ 'ಯುಮೌಂಟ್' ಎಂದಿಟ್ಟಿದ್ದಾರೆ. ಹಾಗೇ ಕರೆದೆ. 'ಟಾರ್ಗೆಟ್ ಈಸ್ ಬಿಸಿ' ಎಂದಿತು.

"ಯಾರೋ ಒಳಗಿದ್ದಾರೆ ಅಂತ ಅರ್ಥ ಭಾವ" ಎಂದೆ. ನೋಡಿದರೆ ನಾನೇ! ಟರ್ಮಿನಲ್ ಆ ಡ್ರೈವಿನ ಫೋಲ್ಡರಿನೊಳಗೇ ನಿಂತಿತ್ತು. "ಕೂತ ಕೊಂಬೆ ಕಡಿಯೋಕೆ ಬಿಡಲ್ಲ, ನೋಡಿ ಎಷ್ಟು ಜಾಣತನ" ಎಂದು ಹೊಗಳಿ, 'ಸಿಡಿ' ಹೊಡೆದು ಆಚೆ ಬಂದು, ಇಳಿಸಿ, 'ಎಮ್‌ಕೆಎಫ್‌ಎಸ್' ಕೊಟ್ಟೆ. ನಮ್ಮನೆಯಲ್ಲಿ ಹಳೇ ಪೇಪರ್ ರದ್ದಿಗೆ ಹಾಕಬೇಕಾದರೂ ಮೂರು ಸಲ ಕೇಳಿಕೊಳ್ಳುತ್ತಾರೆ. ಇದು ಒಂದು ಸಲವೂ ಕೇಳಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿತು.

ಭಾವ ತಮ್ಮ ಡ್ರೈವನ್ನು ಕಾರಿಗೆ ಒಯ್ದವರು ಹಾಗೇ ವಾಪಸ್ಸು ಬಂದರು. "ಈಗಲೂ ಒಲ್ಲೆ ಅನ್ನುತ್ತಲ್ಲೋ!"

ಬೆಳಿಗ್ಗೆಯಿಂದ ನಾನು ಒಳಗೆ ಕೂತು ನೋಡುತ್ತಿದ್ದದ್ದು ನಿಶ್ಚಿತಾರ್ಥದ ಫೋಟೊಗಳನ್ನು. ಯಂತ್ರ ಅಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಭಾವನಿಗೆ ಅರ್ಥ ಬಿಡಿಸಿ ಹೇಳಿದವನು ನಾನೇ. ನನಗೆ ಮಾತ್ರ ಅರ್ಥವಾಗಿರಲಿಲ್ಲ.

ಪುಣ್ಯಕ್ಕೆ ಇಂಥ ಫಾರ್ಮ್ಯಾಟ್ ಹೊಸ ಪಟ್ಟಿ ಬರೆಯುತ್ತದೆಯೇ ಹೊರತು ಒಳಗಿನದನ್ನೆಲ್ಲ ಅಳಿಸುವುದಿಲ್ಲ. ಫೋಟೊರೆಕ್ ಹಚ್ಚಿ ರಾತ್ರಿಯಿಡೀ ಕೆದಕಿಸಿದೆ. ಚಿತ್ರಗಳು ಬಂದವು, ಹೆಸರುಗಳು ಬರಲಿಲ್ಲ. ಅಕ್ಕ ಒಂದೊಂದಕ್ಕೂ ನೆಂಟರ ಹೆಸರಿಟ್ಟಿದ್ದಳು. ಈಗ ಬೀಗರಿಂದ ಹಿಡಿದು ಪುರೋಹಿತರವರೆಗೆ ಎಲ್ಲರೂ ಎಫ್ ಅಕ್ಷರದ ಮುಂದೊಂದು ಉದ್ದನೆಯ ಸಂಖ್ಯೆ. ಅಕ್ಕ ಇನ್ನೂ ಗುರುತು ಹಿಡಿಯುತ್ತಿದ್ದಾಳೆ.

ಭಾವನ ಪೆನ್‌ಡ್ರೈವ್ ಇವತ್ತಿಗೂ ಎನ್‌ಟಿಎಫ್‌ಎಸ್ಸೇ. ಕಾರಿನಲ್ಲಿ ಆಕಾಶವಾಣಿ ಕೇಳುತ್ತಾರೆ.